ಗೇಣು, ಮೊಳ, ಮೀಟರು

1956ನೆಯ ಇಸವಿಯು ಕಾಸರಗೋಡಿನ ಕನ್ನಡಿಗರು ಮರೆಯಲಾರದ ವರ್ಷ. ಅದುವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಆ ವರ್ಷದ ನವೆಂಬರ 1ರಂದು ಕೇರಳಕ್ಕೆ ಸೇರಿತು. 1957ರ ಆರಂಭದಲ್ಲಿ ಅದು ಕಣ್ಣೂರು ಜಿಲ್ಲೆಯ ಭಾಗವಾಯಿತು; 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯೆನಿಸಿತು. ಈ ಕಥೆ ನಮ್ಮ ವಾಚಕರಿಗೆ ಹೊಸತಲ್ಲ. ಆದರೆ ಅದೇ 1956ರ ಡಿಸೆಂಬರಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನೆನೆಯುವವರು ವಿರಳ. ಆ ತಿಂಗಳು ದೆಹಲಿಯ ಸಂಸತ್ತು ತೂಕ ಅಳತೆಗಳ ಕಾಯಿದೆಯನ್ನು ಅಂಗೀಕರಿಸಿ, ದೇಶಕ್ಕೆಲ್ಲ ಒಂದೇ ಮಾನವಾಗಿ ಮೆಟ್ರಿಕ್ ಪದ್ಧತಿಯನ್ನು ವಿಧಿಸಿತು. ಮೊದಲನೆಯ ಘಟನೆ ನಮ್ಮ ನೆಲದ ಮೇಲೆ ಒಂದು ಗೆರೆಯನ್ನೆಳೆಯಿತು. ಎರಡನೆಯದು ಆ ಗೆರೆಯ ಎರಡು ಕಡೆಯವರ ಕೈಗೂ ಒಂದೇ ಅಳತೆಗೋಲನ್ನು ಕೊಟ್ಟಿತು.

ನಾವು ಇಲ್ಲಿ ಹೇಳಹೊರಟಿರುವುದು ಆ ಅಳತೆಗೋಲಿನ ಕಥೆಯನ್ನು. ಅದರಲ್ಲಿಯೂ ಅದು ನಮ್ಮ ಮಕ್ಕಳ ಕೈಗೆ ಬಂದ ಬಗೆಯನ್ನು. ಉದ್ದವನ್ನು ಅಳೆಯುವುದು, ಎರಡು ವಸ್ತುಗಳಲ್ಲಿ ಯಾವುದು ಉದ್ದ ಯಾವುದು ಗಿಡ್ಡವೆಂದು ಹೋಲಿಸುವುದು, ಇವು ಒಂದನೆಯ ಎರಡನೆಯ ತರಗತಿಗಳ ಚಿಕ್ಕ ಪಾಠಗಳು. ಇದರಲ್ಲಿ ಇತಿಹಾಸವೆಲ್ಲಿಂದ ಬಂತೆಂದು ಕೆಲವರು ಕೇಳಬಹುದು. ಜನಾಂಗವು ಸಾವಿರಾರು ವರ್ಷಗಳಲ್ಲಿ ನಡೆದ ದಾರಿಯನ್ನು ಮಗುವು ಎರಡು ಮೂರು ವರ್ಷಗಳಲ್ಲಿ ನಡೆಯಬೇಕಾಗಿದೆ. ಆ ದಾರಿಯ ಮೊದಲ ಮೆಟ್ಟಿಲುಗಳನ್ನು ಬಿಟ್ಟು ಮಗುವನ್ನು ಎತ್ತಿ ಕೊನೆಯ ಮೆಟ್ಟಿಲಿನ ಮೇಲೆ ನಿಲ್ಲಿಸಿದರೆ ಅದರ ಲೆಕ್ಕವೂ ಬಡವಾಗುತ್ತದೆ, ಭಾಷೆಯೂ ಬಡವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಆ ದಾರಿಯ ಮೊದಲ ಮೆಟ್ಟಿಲು ಮನುಷ್ಯನ ಶರೀರವೇ. ಅಗಲಿಸಿದ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಗೇಣು; ಮೊಣಕೈಯಿಂದ ನಡುಬೆರಳಿನ ತುದಿಗೆ ಮೊಳ; ಎರಡು ಕೈಗಳನ್ನೂ ಚಾಚಿ ನಿಂತರೆ ತುದಿಯಿಂದ ತುದಿಗೆ ಮಾರು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು ಎಂಬ ಕೋಷ್ಟಕವನ್ನು ಯಾರೂ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಮೈಯೇ ಅದನ್ನು ಬರೆದುಕೊಂಡಿತ್ತು. ಇನ್ನೂ ದೂರದ ಮಾತಿಗೆ ಕೂಗಳತೆಯಿತ್ತು, ಹರದಾರಿಯಿತ್ತು, ಗಾವುದವಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ನೀತಿಯ ಮಾತೆಂದು ತಿಳಿಯುತ್ತೇವೆ. ಆದರೆ ಅದು ಒಂದು ಉದ್ದವನ್ನು ಇನ್ನೊಂದರೊಡನೆ ಹೋಲಿಸುವ ಪಾಠವೂ ಹೌದು.

ಸಪ್ತಭಾಷೆಗಳ ನೆಲವೆಂದು ಹೆಸರಾದ ನಮ್ಮ ಜಿಲ್ಲೆಯಲ್ಲಿ ಈ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಕನ್ನಡದ ಮೊಳ ಮಲಯಾಳದಲ್ಲಿ ಮುಳಂ. ನಮ್ಮ ಮಾರು ಅಲ್ಲಿ ಮಾರ್. ಕೋಲು ಅಲ್ಲಿಯೂ ಕೋಲ್. ಅಡಿಯು ಎರಡರಲ್ಲಿಯೂ ಅಡಿಯೇ. ನಮ್ಮ ಗೇಣಿಗೆ ಮಾತ್ರ ಅವರು ಚಾಣ್ ಎನ್ನುತ್ತಾರೆ. ಮರಾಠಿಯನ್ನಾಡುವ ಮನೆಗಳಲ್ಲಿ ಗೇಣು ವೀತವಾಗುತ್ತದೆ, ಮೊಳ ಹಾತವಾಗುತ್ತದೆ. ಇವು ಸಂಸ್ಕೃತದ ವಿತಸ್ತಿ, ಹಸ್ತ ಎಂಬ ಮಾತುಗಳ ಮಕ್ಕಳು. ಭಾಷೆ ಬೇರೆಯಾದರೂ ಅಳೆಯುವ ಕೈ ಒಂದೇ ಆದುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಅನ್ಯವಾಗಲಿಲ್ಲ. ಅಂಗಳದಲ್ಲಿ ಕುಟ್ಟಿದೊಣ್ಣೆಯಾಡುವ ಮಕ್ಕಳೂ ಇದಕ್ಕೆ ಸಾಕ್ಷಿ. ಮಲಯಾಳದ ಮಕ್ಕಳು ಆ ಆಟವನ್ನೇ ಕುಟ್ಟಿಯುಂ ಕೋಲುಂ ಎನ್ನುತ್ತಾರೆ. ಹಾರಿಬಿದ್ದ ಕುಟ್ಟಿಯಿಂದ ಕುಳಿಯವರೆಗೆ ದೊಣ್ಣೆಯನ್ನು ತಲೆಗೆ ಬುಡ ತಾಗಿಸಿ ಮಲಗಿಸುತ್ತ ಎಣಿಸುವಾಗ, ನಡುವೆ ಸಂದು ಬಿಟ್ಟರೆ ಎದುರು ಪಕ್ಷದವರು ಬಿಡುವುದಿಲ್ಲ. ಒಂದರ ಮೇಲೊಂದು ಹತ್ತಿಸಿದರೂ ಬಿಡುವುದಿಲ್ಲ. ಒಂದೇ ಮಾನವನ್ನು ಸಂದಿಲ್ಲದೆ, ಹೊದಿಕೆಯಿಲ್ಲದೆ, ನೇರವಾಗಿ ಹಾಸಿ ಎಣಿಸುವುದು, ಅಳತೆಯ ಶಾಸ್ತ್ರವೆಲ್ಲ ಇಷ್ಟೇ. ಅದನ್ನು ನಮ್ಮ ಮಕ್ಕಳು ಶಾಲೆಗೆ ಹೋಗುವುದಕ್ಕೆ ಮೊದಲೇ ಜಗಳವಾಡಿ ಕಲಿಯುತ್ತಿದ್ದರು.

ಆದರೆ ಶರೀರದ ಅಳತೆಗೆ ಒಂದು ದೋಷವಿದೆ. ನನ್ನ ಗೇಣು ನಿನ್ನ ಗೇಣಲ್ಲ. ಮನೆಯೊಳಗೆ ಇದರಿಂದ ತೊಂದರೆಯಿಲ್ಲ. ಕೊಡುಕೊಳ್ಳುವಲ್ಲಿಯೂ ಭೂಮಿಯ ಹಂಚಿಕೆಯಲ್ಲಿಯೂ ಅದು ವ್ಯಾಜ್ಯಕ್ಕೆ ಕಾರಣವಾಗುತ್ತದೆ. ಇದನ್ನು ಕನ್ನಡ ನಾಡಿನ ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಮೊದಲ ಭಾಗದಲ್ಲಿಯೇ ಉದ್ದದ ಮಾನಗಳ ಕೋಷ್ಟಕವಿದೆ. ಎಂಟು ಯವೆಗೆ ಒಂದು ಅಂಗುಲ, ಆರು ಅಂಗುಲಕ್ಕೆ ಒಂದು ಪಾದ, ಎರಡು ಪಾದಕ್ಕೆ ಒಂದು ವಿತಸ್ತಿ, ಎರಡು ವಿತಸ್ತಿಗೆ ಒಂದು ಹಸ್ತ, ನಾಲ್ಕು ಹಸ್ತಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ. ಇದರೊಡನೆ ಅವನು ಮಾಡಿದ ಒಂದು ವಿಂಗಡಣೆ ಬಹಳ ಮಾರ್ಮಿಕವಾದುದು. ಲೋಕವ್ಯವಹಾರಕ್ಕೆ ಒಪ್ಪಿದ ಅಂಗುಲ ಬೇರೆ. ಆಯಾ ಕಾಲದ ಜನರ ಸ್ವಂತ ಬೆರಳಿನ ಅಂಗುಲ ಬೇರೆ, ಅದು ಆತ್ಮಾಂಗುಲ. ತನ್ನ ಬೆರಳಿಗೂ ಊರು ಒಪ್ಪಿದ ಬೆರಳಿಗೂ ಇರುವ ಈ ಅಂತರವನ್ನು ಅರಿಯುವುದೇ ಅಳತೆಯ ಪಾಠದ ಹೃದಯ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೇ ಮೊದಲಾದ ಗ್ರಂಥಗಳನ್ನು ಬರೆದು ಈ ಶಾಸ್ತ್ರವನ್ನು ಕನ್ನಡಕ್ಕೆ ತಂದನು. ಅಳತೆಯ ಲೆಕ್ಕವನ್ನು ಕನ್ನಡದಲ್ಲಿ ಹೇಳಲಾದೀತೇ ಎಂಬ ಸಂಶಯವಿರುವವರಿಗೆ ಆ ಕೃತಿಗಳ ಅಸ್ತಿತ್ವವೇ ಉತ್ತರವಾಗಿದೆ.

ಊರು ಒಪ್ಪಿದ ಅಳತೆ ನಮ್ಮ ಶಾಸನಗಳಲ್ಲಿ ಗಳೆಯೆಂಬ ಹೆಸರಿನಿಂದ ಬರುತ್ತದೆ. ದಾನವಾಗಿ ಕೊಟ್ಟ ಭೂಮಿಯನ್ನು ಯಾವ ಗಳೆಯಿಂದ ಅಳೆದರೆಂಬುದನ್ನು ಶಾಸನಕಾರರು ಅನೇಕ ಕಡೆ ಹೆಸರಿಸಿ ಹೇಳಿದ್ದಾರೆ. ಬನವಾಸಿ ನಾಡಿನ ಶಾಸನಗಳಲ್ಲಿ ಭೇರುಂಡ ಗಳೆಯೆಂಬ ಮಾತು ಪ್ರಸಿದ್ಧವಾಗಿದೆ. ಗಳೆಯ ಉದ್ದ ಎಷ್ಟು ಗೇಣೆಂದು ತಿಳಿಸಿದ ಶಾಸನಗಳೂ ಉಂಟು. ಕೈಯ ಗೇಣು ಬಿದಿರಿನ ಗಳೆಯಲ್ಲಿ ನೆಲೆನಿಂತು, ಗಳೆಯು ಊರಿನ ಸಾಕ್ಷಿಯಲ್ಲಿ ನೆಲೆನಿಂತಿತು. ಇದು ಎರಡನೆಯ ಮೆಟ್ಟಿಲು.

ನಮ್ಮ ಊರುಗಳಲ್ಲಿ ಈ ಎರಡನೆಯ ಮೆಟ್ಟಿಲಿನ ಹೆಸರು ಕೋಲು. ಆಚಾರಿಯ ಕೋಲು 24 ಅಂಗುಲದ್ದು. ಇಂದಿನ ಲೆಕ್ಕದಲ್ಲಿ ಸುಮಾರು 72 ಸೆಂಟಿಮೀಟರು. ಮನೆಯ ಆಯವನ್ನು ನೋಡುವುದು ಅದರಿಂದ. ಬಾವಿಯ ಆಳವನ್ನು ಹೇಳುವುದೂ ಕೋಲಿನಿಂದ. ಕಾಸರಗೋಡಿನ ವಿಶೇಷವೆನಿಸಿದ ಸುರಂಗಗಳ ಮಾತೂ ಹೀಗೆಯೇ. ಬಾಯಾರು, ಪಡ್ರೆ ಮೊದಲಾದ ಕಡೆಗಳಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಒಬ್ಬ ಆಳು ಹೋಗುವಷ್ಟೇ ಅಗಲದ ದಾರಿಯನ್ನು ಮಾಡಿ, ನೀರಿನ ಒರತೆಯನ್ನು ತೋಟಕ್ಕೆ ಹರಿಸಿದ ಶ್ರಮಜೀವಿಗಳು ತಮ್ಮ ಕೆಲಸವನ್ನು ಕೋಲಿನಲ್ಲಿ ಎಣಿಸಿದರು. ಕತ್ತಲೆಯಲ್ಲಿ ಬಾಗಿ ಕುಳಿತು ಹಾರೆಯಿಂದ ಕಡಿದವನ ಕೂಲಿಯೂ ಆ ಲೆಕ್ಕದ ಮೇಲೆಯೇ ನಿಂತಿತ್ತು. ಕೊಳವೆ ಬಾವಿಗಳು ಬಂದ ಮೇಲೆ ಹೊಸ ಸುರಂಗಗಳು ಅಪರೂಪವಾಗಿವೆ. ಅವುಗಳೊಡನೆ ಕೋಲಿನ ಮಾತೂ ಮೆಲ್ಲನೆ ಮರೆಯಾಗುತ್ತಿದೆ. ಅಡಿಕೆ ತೋಟದಲ್ಲಿ ಗಿಡದಿಂದ ಗಿಡಕ್ಕೆ 2.7 ಮೀಟರು ಅಂತರವಿರಲಿ ಎಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯವರು ಹೇಳುತ್ತಾರೆ. ಒಂದು ಮೊಳಕ್ಕೆ 45 ಸೆಂಟಿಮೀಟರೆಂದು ಹಿಡಿದರೆ ಅದು ಸರಿಯಾಗಿ ಆರು ಮೊಳ. ವಿಜ್ಞಾನದ ಮಾತೂ ತೋಟಗಾರನ ಕೈಯ ಮಾತೂ ಹೀಗೆ ಒಂದೇ ಕಡೆ ಬಂದು ಸೇರುವುದನ್ನು ಮಕ್ಕಳಿಗೆ ತೋರಿಸದೆ ಇರುವುದೇಕೆ?

ಮೂರನೆಯ ಮೆಟ್ಟಿಲು ರಾಜ್ಯದ ಅಳತೆ. 1799ರಲ್ಲಿ ಟಿಪ್ಪುವಿನ ಪತನವಾಗಿ ನಮ್ಮ ಕರಾವಳಿ ಇಂಗ್ಲಿಷರ ಕೈಸೇರಿದ ತರುವಾಯ, ವಿಲಿಯಂ ಲ್ಯಾಂಬ್ಟನ್ನನೆಂಬ ಸೇನಾಧಿಕಾರಿಯು ದಕ್ಷಿಣ ದೇಶವನ್ನು ಅಳೆಯಲು ತೊಡಗಿದನು. 1802ರಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಸುಮಾರು ಏಳೂವರೆ ಮೈಲಿಯ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದು, ಅದರ ಆಧಾರದ ಮೇಲೆ ತ್ರಿಕೋನಗಳನ್ನು ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡೆಯ ಕರಾವಳಿಯವರೆಗೆ ಬಂದನು. ಮದರಾಸಿನಿಂದ ಮಂಗಳೂರಿಗೆ ಹಳೆಯ ನಕ್ಷೆಗಳು ತೋರಿಸಿದುದಕ್ಕಿಂತ ಸುಮಾರು 40 ಮೈಲಿ ಕಡಮೆಯೇ ದೂರವೆಂದು ಆಗ ಗೊತ್ತಾಯಿತು. ಅವನ ಸರಪಳಿ 100 ಅಡಿಯದು; ತಲಾ ಎರಡೂವರೆ ಅಡಿಯ 40 ಸಲಾಕೆಗಳನ್ನು ಕೂಡಿಸಿ ಮಾಡಿದ್ದು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಸರಪಳಿಗೆ ನೆರಳು ಮಾಡಬೇಕಾಗಿತ್ತು. ಅದನ್ನು ಬಾಗದಂತೆ ನೇರವಾಗಿ ಹಾಸಬೇಕಾಗಿತ್ತು. ಒಂದು ಸಲ ಮುಗಿದಲ್ಲಿಂದಲೇ ಮುಂದಿನ ಸಲ ಆರಂಭಿಸಬೇಕಾಗಿತ್ತು. ಯೋಚಿಸಿದರೆ ಇದು ಕುಟ್ಟಿದೊಣ್ಣೆಯ ನಿಯಮವೇ ಅಲ್ಲವೆ? ಸಂದು ಬಿಡಬಾರದು, ಹೊದಿಸಬಾರದು, ಮಾನ ಬದಲಾಗಬಾರದು. ನಕ್ಷೆಗಳನ್ನೂ ಗಡಿಗಳನ್ನೂ ಹುಟ್ಟಿಸಿದ ಆ ಮಹಾಕಾರ್ಯಕ್ಕೂ ಅಂಗಳದ ಆಟಕ್ಕೂ ನಡುವೆ ತತ್ತ್ವದಲ್ಲಿ ಭೇದವಿಲ್ಲ.

ಇನ್ನು ಶಾಲೆಯ ಕಡೆಗೆ ಬರೋಣ. ಹಿಂದಿನ ಐಗಳ ಮಠಗಳಲ್ಲಿ ಹೊಯ್ಗೆಯ ಮೇಲೆ ಅಕ್ಷರ ತಿದ್ದುವುದರೊಡನೆ ಮಗ್ಗಿಯ ಬಾಯಿಪಾಠವಿತ್ತು. ಕಾಲು, ಅರೆ, ಮುಕ್ಕಾಲುಗಳಿಗೂ ಮಗ್ಗಿಯಿತ್ತು. ಮಠದಲ್ಲಿ ಎಣಿಕೆ, ಮನೆಯಲ್ಲಿ ಅಳತೆ. ಇವೆರಡನ್ನೂ ಮಗು ತಾನೇ ಹೊಂದಿಸಿಕೊಳ್ಳುತ್ತಿತ್ತು. ಇಂಗ್ಲಿಷರ ಕಾಲದ ಶಾಲೆಗಳಲ್ಲಿ ಹನ್ನೆರಡು ಅಂಗುಲಕ್ಕೆ ಒಂದು ಅಡಿ, ಮೂರಡಿಗೆ ಒಂದು ಗಜ, 1760 ಗಜಕ್ಕೆ ಒಂದು ಮೈಲಿಯೆಂಬ ಕೋಷ್ಟಕ ಬಂದಿತು. ಅದು ಕಠಿಣವಾಗಿದ್ದರೂ ಅಂಗುಲ, ಅಡಿಗಳೆಂಬ ಹೆಸರುಗಳು ನಮ್ಮವೇ ಆಗಿದ್ದವು. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಮೂಲಶಿಕ್ಷಣದ ಯೋಜನೆ ಹುಟ್ಟಿತು. ನೂಲುವ ಮಗು ತಾನು ನೂತ ನೂಲಿನ ಉದ್ದವನ್ನು ತಾನೇ ಅಳೆದು ಲೆಕ್ಕ ಬರೆಯಬೇಕೆಂಬುದು ಆ ಯೋಜನೆಯ ಒಂದು ಅಂಗವಾಗಿತ್ತು. ಅದಕ್ಕೆ ಹಿಂದಿನ ವರ್ಷವೇ ನಮ್ಮ ನೆರೆಯ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರ ಬಾಲಪ್ರಪಂಚ ಹೊರಬಂದು, ಮಗುವಿನ ಕಣ್ಣಿಗೂ ಕೈಗೂ ಕೆಲಸ ಕೊಡುವ ವಿದ್ಯೆಯ ಕಡೆಗೆ ಕನ್ನಡಿಗರ ಗಮನವನ್ನು ಸೆಳೆಯಿತು.

ಆಮೇಲೆ ಮೆಟ್ರಿಕ್ ಪದ್ಧತಿ ಬಂತು. 1957ರ ಏಪ್ರಿಲ್ 1ರಿಂದ ನಯಾ ಪೈಸೆ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಹೊಸ ತೂಕ ಅಳತೆಗಳು. 1962ರ ಏಪ್ರಿಲಿನ ಹೊತ್ತಿಗೆ ವ್ಯಾಪಾರದಲ್ಲಿ ಹಳೆಯ ಮಾನಗಳೆಲ್ಲ ನಿಷಿದ್ಧವಾದವು. ಇದರಿಂದ ದೇಶಕ್ಕೆ ಆದ ಉಪಕಾರ ದೊಡ್ಡದು. ಊರಿಗೊಂದು ಸೇರು, ಪೇಟೆಗೊಂದು ಗಜವಿದ್ದಾಗ ನಷ್ಟವಾಗುತ್ತಿದ್ದುದು ಬಡವನಿಗೇ. ಆದುದರಿಂದ ಮೀಟರನ್ನು ನಾವು ಹಳಿಯಲಾರೆವು. ಆದರೆ ಶಾಲೆಯಲ್ಲಿ ಆದುದೇನು? ಅಳತೆಯ ಪಾಠವೆಂದರೆ ಪಟ್ಟಿಯ ಮೇಲಿನ ಅಂಕೆಯನ್ನು ಓದುವುದು, ನೂರು ಸೆಂಟಿಮೀಟರಿಗೆ ಒಂದು ಮೀಟರೆಂದು ಒಪ್ಪಿಸುವುದು ಎಂದಾಯಿತು. ಗೇಣು ಮೊಳಗಳು ಅಜ್ಜಿಯೊಡನೆ ಮನೆಯಲ್ಲಿಯೇ ಉಳಿದವು.

ಇದರ ಫಲವನ್ನು ಯಾವ ಉಪಾಧ್ಯಾಯರೂ ಒಂದು ಚಿಕ್ಕ ಪರೀಕ್ಷೆಯಿಂದ ಕಂಡುಕೊಳ್ಳಬಹುದು. ಪಟ್ಟಿಯ 2ರ ಗುರುತಿನಿಂದ 7ರ ಗುರುತಿನವರೆಗೆ ಒಂದು ಬಳಪವನ್ನಿಟ್ಟು ಅದರ ಉದ್ದವೆಷ್ಟೆಂದು ಕೇಳಿದರೆ, ಪಟ್ಟಿಯನ್ನು ಓದಲು ಮಾತ್ರ ಕಲಿತ ಮಗು ಏಳೆನ್ನುತ್ತದೆ. ಹಾಸಿ ಎಣಿಸಿದ ಅನುಭವವಿದ್ದ ಮಗು ನಡುವಣ ಮನೆಗಳನ್ನು ಎಣಿಸಿ ಐದೆನ್ನುತ್ತದೆ. ಅಂಕೆಯು ತುದಿಯ ಗುರುತಲ್ಲ, ಹಾಸಿದ ಮಾನಗಳ ಎಣಿಕೆ ಎಂಬುದು ಪಟ್ಟಿಯಿಂದ ತಾನಾಗಿ ಹೊಳೆಯುವ ಸಂಗತಿಯಲ್ಲ.

ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಪರಿಶೀಲಿಸಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯು ತನ್ನ ಸಂಗಡಿಗರೊಡನೆ 1948ರಲ್ಲಿ ಈ ವಿಷಯವಾಗಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಒಂದು ಮೇಜಿನ ಮೇಲೆ ಮರದ ತುಂಡುಗಳಿಂದ ಗೋಪುರವನ್ನು ಕಟ್ಟಿ, ಬೇರೆ ಎತ್ತರದ ಮೇಜಿನ ಮೇಲೆ ಅಷ್ಟೇ ಎತ್ತರದ್ದನ್ನು ಕಟ್ಟೆಂದು ಅವರು ಮಕ್ಕಳಿಗೆ ಹೇಳಿದರು. ತೀರ ಚಿಕ್ಕವರು ಕಣ್ಣಳತೆಯಿಂದಲೇ ತೃಪ್ತರಾದರು. ಸ್ವಲ್ಪ ದೊಡ್ಡವರು ತಮ್ಮ ಕೈಯನ್ನೂ ಮೈಯನ್ನೂ ಅಳತೆಗೆ ಹಿಡಿದರು. ಇನ್ನೂ ಬೆಳೆದವರು ಒಂದು ಕೋಲನ್ನು ತೆಗೆದುಕೊಂಡು ಒಂದರ ಎತ್ತರವನ್ನು ಇನ್ನೊಂದಕ್ಕೆ ಸಾಗಿಸಿದರು. ಮೊದಲು ಕಣ್ಣು, ಆಮೇಲೆ ಮೈ, ಆಮೇಲೆ ಕೋಲು. ನಮ್ಮ ನಾಡಿನ ಇತಿಹಾಸದಲ್ಲಿ ಕಂಡ ಕ್ರಮವೇ ದೂರದ ದೇಶದ ಮಕ್ಕಳ ಆಟದಲ್ಲಿಯೂ ಕಂಡಿತು. ಸಮನಾದ ಎರಡು ಕಡ್ಡಿಗಳಲ್ಲಿ ಒಂದನ್ನು ಸ್ವಲ್ಪ ಮುಂದಕ್ಕೆ ತಳ್ಳಿದರೆ ಅದೇ ಉದ್ದವೆಂದು ಚಿಕ್ಕ ಮಕ್ಕಳು ನಂಬುತ್ತಾರೆಂಬುದನ್ನೂ ಅವರು ತೋರಿಸಿಕೊಟ್ಟರು. ಪಟ್ಟಿಯನ್ನು ಮಕ್ಕಳಿಂದ ಬಹುಕಾಲ ದೂರವಿಡಬೇಕಾಗಿಲ್ಲ, ಹಾಸಿ ಎಣಿಸುವುದರ ಜೊತೆಯಲ್ಲಿಯೇ ಕೊಡಬಹುದೆಂದು ಮುಂದಿನ ವಿದ್ವಾಂಸರು ಕೆಲವರು ವಾದಿಸಿದ್ದಾರೆ. ಅದು ನಮಗೂ ಒಪ್ಪಿಗೆಯೇ. ಕೈಯನ್ನು ಬಿಟ್ಟು ಪಟ್ಟಿಯೊಂದನ್ನೇ ಕೊಡಬಾರದೆಂಬುದಷ್ಟೇ ನಮ್ಮ ಮಾತು.

ಸಂತೋಷದ ಸಂಗತಿಯೆಂದರೆ, ಶಾಲೆಯು ಈ ಮಾತನ್ನು ಮತ್ತೆ ನೆನೆಯತೊಡಗಿ ಕೆಲವು ದಶಕಗಳಾದವು. ಆ ನೆನಪು ಕೇರಳದಲ್ಲಿ ಆರಂಭವಾದ ಕಡೆಗಳಲ್ಲಿ ನಮ್ಮ ಜಿಲ್ಲೆಯೂ ಒಂದು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯನ್ನು ಕೇರಳದಲ್ಲಿ ಮೊದಲು ಕೈಗೊಂಡಾಗ ಆರಿಸಿದ ಮೂರು ಜಿಲ್ಲೆಗಳಲ್ಲಿ ಮಲಪ್ಪುರಂ, ವಯನಾಡುಗಳೊಡನೆ ಕಾಸರಗೋಡೂ ಇತ್ತು. ಕಂಠಪಾಠಕ್ಕೆ ಬದಲು ಚಟುವಟಿಕೆಯಿಂದ ಕಲಿಸುವ ಕ್ರಮ ಆ ಮೂಲಕ ಬೇರೂರಿತು. 1995ರಲ್ಲಿ ಕರ್ನಾಟಕದ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಪ್ರಾರಂಭವಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ತರುವಾಯ ಬಂದ ಕೆಳತರಗತಿಗಳ ಗಣಿತ ಪುಸ್ತಕಗಳಲ್ಲಿ ಗೇಣು, ಹೆಜ್ಜೆ, ಬೆರಳುಗಳಿಂದ ಅಳೆಯುವ ಪಾಠಗಳು ಮರಳಿ ಕಾಣಿಸಿಕೊಂಡವು. ಅಂದರೆ ಅಜ್ಜಿಯ ಗೇಣು ಅರ್ಧ ಶತಮಾನದ ಅಜ್ಞಾತವಾಸವನ್ನು ಮುಗಿಸಿ ಪುಸ್ತಕದ ಬಾಗಿಲಿಗೆ ಬಂದು ನಿಂತಿದೆ. ಅದನ್ನು ಒಳಗೆ ಕರೆಯುವುದು ಉಪಾಧ್ಯಾಯರ ಮತ್ತು ತಂದೆತಾಯಿಗಳ ಕೆಲಸ.

ಇದಕ್ಕೆ ಹಣ ಬೇಕಾಗಿಲ್ಲ. ಮೊದಲು ಎರಡು ಅಡಿಕೆ ಹಾಳೆಗಳನ್ನು ಒಂದೇ ಗೆರೆಗೆ ಬುಡವಿಟ್ಟು ಯಾವುದು ಉದ್ದವೆಂದು ಮಗು ನೋಡಲಿ. ಬುಡ ಸರಿಯಿಡದೆ ಹೋಲಿಸಬಾರದೆಂದು ಅದಕ್ಕೇ ತಿಳಿಯಲಿ. ಆಮೇಲೆ ಪಕ್ಕಕ್ಕೆ ತರಲಾಗದ ಎರಡು ವಸ್ತುಗಳು, ಬಾಗಿಲಿನ ಅಗಲ ಮತ್ತು ಬೆಂಚಿನ ಉದ್ದ ಎನ್ನೋಣ. ಒಂದು ಬಳ್ಳಿಯನ್ನು ಹಿಡಿದು ಹೋಲಿಸಲಿ. ಮೂರನೆಯದಾಗಿ ಗೇಣು. ನಾಲ್ಕಡಿಯ ಬೆಂಚು ಉಪಾಧ್ಯಾಯರ ಗೇಣಿನಲ್ಲಿ ಸುಮಾರು ಆರಾದರೆ ಮಗುವಿನ ಗೇಣಿನಲ್ಲಿ ಸುಮಾರು ಒಂಬತ್ತಾದೀತು. ಬೆಂಚು ಬೆಳೆಯಿತೇ? ಮಾನ ಚಿಕ್ಕದಾದರೆ ಎಣಿಕೆ ಹೆಚ್ಚುವುದೆಂದು ಮಕ್ಕಳೇ ಹೇಳುವವರೆಗೆ ಉಪಾಧ್ಯಾಯರು ಸುಮ್ಮನಿರಬೇಕು. ಆ ವಿವಾದ ಎದ್ದ ಮೇಲೆ, ತೆಂಗಿನ ಮಡಲಿನ ಗರಿಗಳಿಂದ ಕಡ್ಡಿ ತೆಗೆದು ಎಲ್ಲರಿಗೂ ಸಮನಾದ ತುಂಡುಗಳನ್ನು ಕೊಡಬೇಕು. ಅದು ಊರಿನ ಗಳೆ. ಆ ತುಂಡನ್ನು 10 ಸೆಂಟಿಮೀಟರಿನದಾಗಿ ಮಾಡಿದರೆ, ಹತ್ತು ತುಂಡುಗಳನ್ನು ಸಾಲಾಗಿ ಹಾಸಿದಲ್ಲಿ ಮೀಟರು ತಾನಾಗಿ ಬಂದು ನಿಲ್ಲುತ್ತದೆ. ಒಂದು ಹಿಡಿಸೂಡಿಯಿಂದ ಒಂದು ತರಗತಿಗೆ ಸಾಕಾಗುವಷ್ಟು ಕಡ್ಡಿಗಳು ದೊರೆಯುತ್ತವೆ.

ಗಡಿನಾಡಿನ ನಮಗೆ ಈ ಚಿಕ್ಕ ಪಾಠದಲ್ಲಿ ಇನ್ನೊಂದು ಲಾಭವೂ ಇದೆ. ಭಾಷೆಯು ಸಭೆಯಲ್ಲಿ, ಕಾವ್ಯದಲ್ಲಿ ಮಾತ್ರ ಬದುಕಿದರೆ ಸಾಲದು. ತೋಟದಲ್ಲಿ ಗುಂಡಿ ತೋಡುವಾಗ, ಬಟ್ಟೆ ಕತ್ತರಿಸುವಾಗ, ಬಾವಿಗೆ ಹಗ್ಗ ಕೊಳ್ಳುವಾಗ ಬದುಕಬೇಕು. ತನ್ನ ಅಂಗಳವನ್ನು ಕನ್ನಡದಲ್ಲಿ ಅಳೆದ ಮಗು ಕನ್ನಡವನ್ನು ಪಾಠದ ಭಾಷೆಯೆಂದಷ್ಟೇ ತಿಳಿಯದು, ಕೆಲಸದ ಭಾಷೆಯೆಂದು ತಿಳಿಯುತ್ತದೆ. ಪಕ್ಕದಲ್ಲಿ ಕುಳಿತ ಮಲಯಾಳದ ಮಗು ಮುಳಂ ಎಂದಾಗ ಅದು ತನ್ನ ಮೊಳವೇ ಎಂದು ಗುರುತಿಸುವ ಮಗು ನೆರೆಯವನನ್ನೂ ಅರಿಯುತ್ತದೆ. ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ನಮ್ಮ ಸಂಘದ ಸದಸ್ಯರಲ್ಲಿಯೂ ಕನ್ನಡ ಶಾಲೆಗಳ ಉಪಾಧ್ಯಾಯ ಬಂಧುಗಳಲ್ಲಿಯೂ ನಮ್ಮದೊಂದು ವಿನಂತಿಯಿದೆ. ಊರಿನಲ್ಲಿ ಇನ್ನೂ ಉಳಿದಿರುವ ಆಚಾರಿಗಳನ್ನೂ ಸುರಂಗ ತೋಡಿದ ಹಿರಿಯರನ್ನೂ ಒಂದು ದಿನ ಶಾಲೆಗೆ ಕರೆಸಿ, ಅವರ ಕೋಲನ್ನು ಮಕ್ಕಳ ಕೈಗೆ ಕೊಡಿಸಿರಿ. ಅದರ ಪಕ್ಕದಲ್ಲಿ ಮೀಟರುಪಟ್ಟಿಯನ್ನಿಟ್ಟು, ಒಂದರಲ್ಲಿ ಇನ್ನೊಂದು ಎಷ್ಟೆಂದು ಮಕ್ಕಳೇ ಅಳೆದು ಕನ್ನಡದಲ್ಲಿ ಬರೆದಿಡಲಿ.